ಒಳಗೆ ಬಿಟ್ಟ ಬಟ್ಟೆ

ನನ್ನ ತರಗತಿಯವರ ಮುಖಗಳಿಗಿಂತ ಮೊದಲು ನನಗೆ ಪರಿಚಯವಾದದ್ದು ಅವರ ಬೆನ್ನುಗಳು. ಕೊನೆಯ ಬೆಂಚಿನಲ್ಲಿ ಕೂತವನಿಗೆ ಬೆನ್ನು ಬಿಟ್ಟು ಬೇರೇನು ಕಾಣುತ್ತದೆ? ಅದರಲ್ಲೂ ಅರ್ಧಕ್ಕರ್ಧ ಬೆನ್ನುಗಳ ಮೇಲಿದ್ದದ್ದು ನನ್ನದೇ ಹೊಲಿಗೆ. ಹುಕ್ಕೇರಿಯ ಪೇಟೆಯಲ್ಲಿ ನನ್ನದೊಂದು ಟೇಲರ್ ಅಂಗಡಿ ಇದೆ. ಕಾಲೇಜಿನ ಹುಡುಗರ ತಿಳಿನೀಲಿ ಅಂಗಿಗಳು ವರ್ಷಾವರ್ಷ ನಮ್ಮಲ್ಲಿಗೇ ಬರುತ್ತವೆ. ನಲವತ್ತೊಂದನೆಯ ವಯಸ್ಸಿನಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿ, ಅದೇ ತಿಳಿನೀಲಿ ಬಟ್ಟೆಯಲ್ಲಿ ನನಗೂ ಒಂದು ಅಂಗಿ ಹೊಲಿದುಕೊಂಡು ಹೋಗಿ ಕೂತೆ.

ಮೇಡಂ ಇತಿಹಾಸ ಹೇಳುತ್ತಿದ್ದರು. ನಾನು ಭುಜಗಳನ್ನು ಓದುತ್ತಿದ್ದೆ. ಮೂರನೆಯ ಬೆಂಚಿನವನ ಎಡ ತೋಳು ಕಾಲು ಇಂಚು ಇಳಿದಿದೆ, ಕೂರಿಸುವಾಗ ಕರೆಂಟು ಹೋಗಿತ್ತೇನೋ. ಅವನ ಬಾಜೂದವನ ಕಾಲರ್ ಚೆನ್ನಾಗಿ ಕೂತಿದೆ, ಶಾಬಾಸ್. ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಕಿಟಕಿಯಿಂದ ಬಿಸಿಲು ಬೆಂಚಿನಿಂದ ಬೆಂಚಿಗೆ ಸರಿಯುತ್ತಿತ್ತು. ಮೇಡಂ ಮಾತು ಎಲ್ಲೋ ದೂರದಿಂದ ಹತ್ತಿರ ಬಂದು ಮತ್ತೆ ದೂರ ಹೋಗುತ್ತಿತ್ತು. ಆ ತೂಕಡಿಕೆಯಲ್ಲಿ ಒಮ್ಮೊಮ್ಮೆ ನಾನು ಕೂತಿರುವುದು ಹುಕ್ಕೇರಿಯಲ್ಲಲ್ಲ, ಗೋಕಾಕದಲ್ಲಿ, ನನಗೆ ಇನ್ನೂ ಇಪ್ಪತ್ತು ಎನಿಸಿಬಿಡುತ್ತಿತ್ತು. ಎಚ್ಚರವಾದಾಗ ಮುಂದೆ ಮತ್ತೆ ಅದೇ ಭುಜಗಳು.

ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಬೆಳಿಗ್ಗೆ ಅಂಗಡಿ ತೆಗೆದು, ಒಬ್ಬ ಗಿರಾಕಿಯ ಅಳತೆ ತೆಗೆದುಕೊಂಡು, ಹೊತ್ತಾಯಿತೆಂದು ಹಾಗೇ ಓಡಿದ್ದೆ. ಹಾಜರಿ ಕೂಗಿದಾಗ ಎದ್ದು ನಿಂತರೆ ಕೊರಳಲ್ಲಿ ಟೇಪು ಜೋತಾಡುತ್ತಿತ್ತು. ಇಡೀ ತರಗತಿ ತಿರುಗಿ ನೋಡಿ ಗೊಳ್ಳೆಂದಿತು.

"ಕಾಕಾ, ನಮ್ಮ ಅಳತಿ ತಗೋಳಾಕ ಬಂದೀರೇನ್ರಿ?" ಎಂದು ಒಬ್ಬ ಕೇಳಿದ.

"ಇಲ್ಲಪಾ, ಈ ಸಲ ನಂದ ಅಳತಿ ಕೊಡಾಕ ಬಂದೇನಿ" ಎಂದೆ.

ಅಂದಿನಿಂದ ನಾನು ಎಲ್ಲರಿಗೂ ಕಾಕಾ. ಮಧ್ಯಾಹ್ನದ ಬಿಡುವಿನಲ್ಲಿ ಯಾರದೋ ಬಟನ್ ಕಿತ್ತಿರುತ್ತಿತ್ತು, ಯಾರದೋ ಪ್ಯಾಂಟಿನ ಅಂಚು ಬಿಚ್ಚಿರುತ್ತಿತ್ತು. ನನ್ನ ಕಂಪಾಸು ಪೆಟ್ಟಿಗೆಯಲ್ಲಿ ಸೂಜಿ, ದಾರ ಇರುವುದು ಅವರಿಗೆ ಬೇಗ ಗೊತ್ತಾಯಿತು. ನಾನು ಬಟನ್ ಹಚ್ಚಿಕೊಟ್ಟರೆ ಅವರು ತಪ್ಪಿದ ಪಾಠದ ನೋಟ್ಸು ಕೊಡುತ್ತಿದ್ದರು. ಒಳ್ಳೆಯ ವ್ಯವಹಾರ.

ಆದರೆ ನನ್ನ ಖರೆ ಎಡವಟ್ಟು ಮೊದಲ ಕಿರುಪರೀಕ್ಷೆಯಲ್ಲಿ ಆಯಿತು. ಇತಿಹಾಸದ ಮೇಡಂಗೆ ಮೂವತ್ತರ ಹತ್ತಿರ ವಯಸ್ಸು. ಉತ್ತರ ಪತ್ರಿಕೆ ಹಿಡಿದು ನನ್ನ ಬೆಂಚಿಗೇ ಬಂದರು.

"ಏನ್ರಿ ಇದು? ಎಡಕ್ಕ ಎರಡ ಬೆರಳ ಜಾಗಾ, ಬಲಕ್ಕ ಎರಡ ಬೆರಳ, ಕೆಳಗ ಮೂರ ಬೆರಳ. ನಡುವ ಇಷ್ಟ ಬರದೀರಿ. ಹಿಂಗ ಯಾಕ ಬಿಟ್ರಿ?"

ನನಗೆ ಆಗಲೇ ಅದು ಕಂಡದ್ದು. ಕೈ ತನ್ನ ಪಾಡಿಗೆ ಬಿಟ್ಟಿತ್ತು. "ಆಮ್ಯಾಲ ಬೇಕಾದ್ರ ಬಿಚ್ಚಾಕ ಬರ್ತೈತಿ ಅಂತ ಬಿಟ್ಟಿರಬೇಕ್ರಿ ಮೇಡಂ" ಎಂದೆ.

ಟೇಲರ್ ಅಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಶಾಲೆ ಶುರುವಾಗುವ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರೆಲ್ಲ ಹೇಳುವುದು ಒಂದೇ ಮಾತು: "ಬೆಳಿಯೂ ಕೂಸ ಐತ್ರಿ, ಒಳಗ ಬಟ್ಟಿ ಬಿಡ್ರಿ." ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟರೆ ಮುಂದಿನ ವರ್ಷ ಹೊಲಿಗೆ ಬಿಚ್ಚಿ ಅಂಗಿಯನ್ನು ಅಗಲ ಮಾಡಬಹುದು. ಪ್ಯಾಂಟನ್ನು ಉದ್ದ ಮಾಡಬಹುದು. ಬೆಳೆದ ಗಂಡಸರ ಬಟ್ಟೆಗೆ ಹಾಗೆ ಯಾರೂ ಬಿಡುವುದಿಲ್ಲ. ಬಿಟ್ಟರೆ ಒಳಗೆ ದಪ್ಪ ಕೂತು ಹೊರಗೆ ಸುಕ್ಕು ಕಾಣುತ್ತದೆ.

ಮೇಡಂ ನಕ್ಕರು. "ಉತ್ತರ ಬೆಳಿಯೂದಿಲ್ರಿ. ಪೇಪರ್ ತಗೊಂಡ ಮ್ಯಾಲ ಮುಗೀತು. ಎಷ್ಟ ಗೊತ್ತೈತಿ ಅಷ್ಟೂ ಅವತ್ತ ಬರೀಬೇಕು."

ಬುದ್ಧಿಗೆ ಅರ್ಥವಾಯಿತು. ಕೈಗೆ ಆಗಲಿಲ್ಲ. ಮೂರು ವರ್ಷ ಪ್ರತಿ ಪರೀಕ್ಷೆಯಲ್ಲೂ ನಾನು ಬದಿಗೆ ಜಾಗ ಬಿಡುತ್ತಲೇ ಹೋದೆ.

ನಾನು ಹುಟ್ಟಿದ್ದು ಮೂಡಲಗಿಯಲ್ಲಿ. ನನ್ನ ತಂದೆಯನ್ನು ನಾವು ಅಬ್ಬಾ ಎನ್ನುತ್ತಿದ್ದೆವು. ಅಬ್ಬಾ ಅಲ್ಲಿಯ ಹಳೆಯ ಟೇಲರ್. ಮಾತು ಕಡಿಮೆ, ಕತ್ತರಿಯ ಸದ್ದೇ ಹೆಚ್ಚು. ನಾನು ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಬಿ.ಎ. ಓದುತ್ತಿದ್ದೆ. ಆ ಬಸ್ಸಿನ ಕಿಟಕಿಯ ಪಕ್ಕದ ಸೀಟು ನನ್ನ ಜೀವನದ ಅತಿ ಸುಖದ ಜಾಗ. ಗೋಕಾಕದಲ್ಲಿ ಇಳಿದರೆ ಎಲ್ಲಿಂದಲೋ ಬೆಲ್ಲದ ಪಾಕ, ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಬರುತ್ತಿತ್ತು. ಕರದಂಟು ಕೊಳ್ಳಲು ಕಾಸಿರಲಿಲ್ಲ. ವಾಸನೆಗೆ ಯಾರು ಕಾಸು ಕೇಳುತ್ತಾರೆ?

ನಾನು ಮೂರನೆಯ ವರ್ಷಕ್ಕೆ ಬಂದಾಗ ಅಬ್ಬಾ ಒಂದು ಅಂಗಿಗಾಗುವಷ್ಟು ಬಿಳಿ ಬಟ್ಟೆ ತಂದರು. "ನೀ ಪಾಸಾದ ದಿನ ಇದನ್ನ ಹೊಲಿಯೂದು. ಇದನ್ನ ಹಾಕ್ಕೊಂಡ ಸರ್ಟಿಫಿಕೇಟ ತರಾಕ ಹೋಗು" ಎಂದರು. ಅಬ್ಬಾನ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದದ್ದೇ ದೊಡ್ಡದು.

ಅದೇ ವರ್ಷ ಸಕ್ಕರೆ ಕಾಯಿಲೆ ಅವರ ಬಲಗಾಲಿಗೆ ಇಳಿಯಿತು. ಬೆರಳುಗಳನ್ನು ತೆಗೆಸಬೇಕಾಯಿತು. ಪೆಡಲ್ ತುಳಿಯುವುದು ಅಲ್ಲಿಗೆ ನಿಂತಿತು. ಮಷಿನ್ನಿಗೆ ಮೋಟಾರು ಕೂರಿಸೋಣವೆಂದರೆ ಕರೆಂಟೇ ಇರುತ್ತಿರಲಿಲ್ಲ. ಅಬ್ಬಾ ನೆಲದ ಮೇಲೆ ಕಾಲು ಚಾಚಿ ಕೂತು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಮೊದಮೊದಲು ಸಂಜೆ ಮಾತ್ರ ಕೂರುತ್ತಿದ್ದವನು ಆಮೇಲೆ ಇಡೀ ದಿನ ಕೂರತೊಡಗಿದೆ. ಕೊನೆಯ ಪರೀಕ್ಷೆಗೆ ಒಂದು ತಿಂಗಳಿರುವಾಗ ಹೇಳಿದೆ, "ಅಬ್ಬಾ, ನಾ ಕಾಲೇಜ ಬಿಡ್ತೇನಿ."

ಅವರು ಬಟ್ಟೆಯ ಮೇಲೆ ಗುರುತಿನ ಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ. "ಹೂಂ" ಎಂದರು.

ಅಷ್ಟೇ. 'ಬೇಡ' ಎನ್ನಲಿಲ್ಲ. 'ಪರೀಕ್ಷೆಯೊಂದು ಬರೆದು ಬಾ' ಎನ್ನಲಿಲ್ಲ. ನಾನು ಆ ಮಾತಿಗಾಗಿ ಕಾದಿದ್ದೆ, ಖರೆ ಹೇಳುತ್ತೇನೆ. ಬೇಡ ಎಂದಿದ್ದರೂ ಬಿಡುತ್ತಿದ್ದೆನೇನೋ. ಆದರೆ ಕೇಳಬೇಕಿತ್ತು. ಈ ಮನುಷ್ಯನಿಗೆ ಮಗನ ಓದಿಗಿಂತ ಮಷಿನ್ನಿಗೆ ಎರಡು ಕಾಲು ಸಿಕ್ಕದ್ದೇ ಸಮಾಧಾನ ಎಂದುಕೊಂಡೆ. ಆ ಒಂದು 'ಹೂಂ' ವರ್ಷಗಟ್ಟಲೆ ನನ್ನ ಕಿವಿಯಲ್ಲಿ ಉಳಿಯಿತು. ಬಿಳಿ ಬಟ್ಟೆ ಮತ್ತೆ ಕಾಣಿಸಲಿಲ್ಲ. ಯಾರಿಗೋ ಅಂಗಿಯಾಗಿ ಹೋಗಿರಬೇಕೆಂದು ನಾನೂ ವಿಚಾರಿಸಲಿಲ್ಲ.

ಏಳು ವರ್ಷ ಹಾಗೆ ಒಂದೇ ಕೋಣೆಯಲ್ಲಿ ಅವರು ಕತ್ತರಿಸಿದರು, ನಾನು ಹೊಲಿದೆ. ಅವರು ತೀರಿಕೊಂಡ ಮೇಲೆ ನನ್ನ ಹೆಂಡತಿಯ ಊರಾದ ಹುಕ್ಕೇರಿಗೆ ಬಂದು ಅಂಗಡಿ ಹಾಕಿದೆ. ನನ್ನ ತಾಯಿ, ಅಮ್ಮಿ, ಮೂಡಲಗಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಉಳಿದಳು. ಮತ್ತೆ ಕಾಲೇಜಿಗೆ ಸೇರುವ ಹುಚ್ಚು ಹತ್ತಿದ್ದು ನನಗಲ್ಲ, ನನ್ನ ಹೆಂಡತಿಗೆ. ಸಮವಸ್ತ್ರ ಕೊಡಲು ಕಾಲೇಜಿಗೆ ಹೋದವಳು ಅರ್ಜಿ ಹಿಡಿದುಕೊಂಡು ಬಂದಳು. ಬೆಳಗಿನ ಹೊತ್ತು ಅಂಗಡಿಯನ್ನು ಅವಳು ನೋಡಿಕೊಂಡಳು. ಹೀಗೆ ಮೂರು ವರ್ಷ ಕಳೆದು ನಾನು ಕೊನೆಯ ಸೆಮಿಸ್ಟರಿಗೆ ಬಂದೆ.

ಆಗ ಒಂದು ಶಾಲೆಯಿಂದ ಇಡೀ ಶಾಲೆಯ ಮಕ್ಕಳ ಬಟ್ಟೆ ಹೊಲಿಯುವ ಕೆಲಸ ಬಂತು. ನನ್ನ ಪರೀಕ್ಷೆ ನಡೆಯುವ ದಿನಗಳಲ್ಲೇ ಬಟ್ಟೆ ಕೊಡಬೇಕು. ನಾನು ಯೋಚಿಸದೆ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಯೋಚಿಸಿ, ಪರೀಕ್ಷೆಯನ್ನು ಮುಂದಿನ ವರ್ಷ ಬರೆದರಾಯಿತು ಎಂದು ಹೆಂಡತಿಗೆ ಹೇಳಿದೆ.

ಅವಳು ಬಟನ್ನಿನ ತೂತಿಗೆ ಕಾಜಾ ಹಾಕುತ್ತಿದ್ದವಳು ಸೂಜಿ ನಿಲ್ಲಿಸಿದಳು. "ಏನ್ರಿ, ಮಂದಿ ಮಕ್ಕಳ ಸಾಲಿ ಚಾಲೂ ಮಾಡಾಕ ನಿಮ್ಮ ಸಾಲಿ ಬಂದ್ ಮಾಡ್ತೀರೇನು?"

"ಒಂದ ವರ್ಷ ಅಷ್ಟ. ಪೇಪರ್ ಎಲ್ಲಿ ಓಡಿಹೋಗ್ತಾವು?"

"ಸಂಕೇಶ್ವರದಾಗ ನಿಮ್ಮ ದೋಸ್ತ ಅದಾನ. ಅರ್ಧಾ ಬಟ್ಟಿ ಅವಂಗ ಕೊಡ್ರಿ."

"ನನ್ನ ಅಂಗಡಿ ಬಟ್ಟಿ ಅವ ಯಾಕ ಹೊಲೀಬೇಕು?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನಿಮ್ಮ ಅಬ್ಬಾ ಹೂಂ ಅಂದ್ರು ಅಂತ ಇಷ್ಟ ವರ್ಷ ಸಿಟ್ಟ ಇಟ್ಕೊಂಡ ಕುಂತೀರಿ. ಈಗ ಹೂಂ ಅಂದವ್ರ ಯಾರ್ರಿ?"

ಸಿಟ್ಟು ಬಂದರೆ ನಾನು ಇಸ್ತ್ರಿ ಮಾಡುತ್ತೇನೆ. ಅಂದು ಇಸ್ತ್ರಿ ಮಾಡಿದ ಬಟ್ಟೆಗಳನ್ನೇ ಇನ್ನೊಮ್ಮೆ ಇಸ್ತ್ರಿ ಮಾಡಿದೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಇದರ ನಡುವೆ ಕಾಲೇಜಿನ ಕಚೇರಿಯವರು ಹತ್ತನೇ ತರಗತಿಯ ಮೂಲ ಅಂಕಪಟ್ಟಿ ಕೇಳಿದರು. ಪರೀಕ್ಷೆಯ ಅರ್ಜಿಯ ಜೊತೆ ಅದನ್ನು ತೋರಿಸಬೇಕು. ಅಲ್ಲಿಯವರೆಗೆ ಝೆರಾಕ್ಸ್ ತೋರಿಸಿ ದಿನ ದೂಡಿದ್ದೆ. ಮೂಲ ಪ್ರತಿ ಇದ್ದರೆ ಮೂಡಲಗಿಯಲ್ಲಿ ಅಬ್ಬಾನ ಟ್ರಂಕಿನಲ್ಲಿರಬೇಕು. ಆ ಟ್ರಂಕನ್ನು ನಾನು ಅವರು ಹೋದ ಮೇಲೆ ತೆರೆದೇ ಇರಲಿಲ್ಲ. ಅರ್ಜಿ ಕೊಡಲು ಇನ್ನು ಎರಡೇ ದಿನ ಇದ್ದವು. ಹೋಗಿ ಹುಡುಕಿ ಬರುತ್ತೇನೆ, ಸಿಗದಿದ್ದರೆ ನಾನೇನು ಮಾಡಲಿ ಎಂದು ಹೆಂಡತಿಗೆ ಹೇಳಿ ಬೆಳಿಗ್ಗೆ ಬಸ್ಸು ಹತ್ತಿದೆ. ಸಿಗದೇ ಇರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ನಾನು ಬಿಟ್ಟೆ ಎನ್ನುವುದಕ್ಕಿಂತ ಕಾಗದ ಸಿಗಲಿಲ್ಲ ಎನ್ನುವುದು ಎಷ್ಟೋ ಮರ್ಯಾದೆಯ ಮಾತು.

ಗೋಕಾಕದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತೆ. ರಸ್ತೆ ಅಗಲವಾಗಿದೆ, ಅಂಗಡಿಗಳು ಬದಲಾಗಿವೆ. ಆದರೆ ಊರು ದಾಟಿದ ಮೇಲೆ ಕಬ್ಬಿನ ಹೊಲಗಳ ನಡುವೆ ಬಸ್ಸಿನ ಆ ತೂಗಾಟ ಹಾಗೇ ಇದೆ. ಕಣ್ಣು ಮುಚ್ಚಿದೆ. ತೊಡೆಯ ಮೇಲೆ ನೋಟ್‌ಬುಕ್ಕುಗಳಿದ್ದವು. ಅಬ್ಬಾ ಅಂಗಡಿಯ ಬಾಗಿಲಲ್ಲಿ ಎರಡೂ ಕಾಲ ಮೇಲೆ ನಿಂತಿದ್ದರು. ಮೂಡಲಗಿ ಬಂತೆಂದು ಕಂಡಕ್ಟರ್ ಕೂಗಿದಾಗ ತೊಡೆಯ ಮೇಲೆ ಏನೂ ಇರಲಿಲ್ಲ.

ಅಮ್ಮಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಂದ ಕೆಲಸ ಹೇಳಿದೆ. "ಮಂಚದ ಬುಡಕ ಐತಿ, ಎಳದ ತಗಿ" ಎಂದಳು.

ಟ್ರಂಕಿನಲ್ಲಿ ದೊಡ್ಡ ಕತ್ತರಿ, ಮರದ ಸ್ಕೇಲು, ಹಳೆಯ ಕನ್ನಡಕ ಇದ್ದವು. ಎಲ್ಲದರ ಕೆಳಗೆ ಒಂದು ಗಂಟು. ಬಟ್ಟೆಯ ಅಂಚಿನ ಪಟ್ಟಿಯಿಂದಲೇ ಕಟ್ಟಿದ್ದರು, ಅಬ್ಬಾ ಕಟ್ಟುವ ರೀತಿ. ಬಿಚ್ಚಿದೆ. ನಡುವೆ ನನ್ನ ಅಂಕಪಟ್ಟಿ ಇತ್ತು, ಒಂದು ಮಡಿಕೆಯೂ ಬಿದ್ದಿರಲಿಲ್ಲ. ಅದರ ಸುತ್ತ ಆ ಬಿಳಿ ಬಟ್ಟೆ. ಮಡಿಕೆಗಳ ಮೇಲೆ ಸ್ವಲ್ಪ ಹಳದಿ ಏರಿತ್ತು. ಬಟ್ಟೆ ಇಡಿಯಾಗಿರಲಿಲ್ಲ, ಕತ್ತರಿಸಿತ್ತು. ಎರಡು ಮುಂಭಾಗ, ಒಂದು ಬೆನ್ನು, ಎರಡು ತೋಳು, ಕಾಲರ್, ಕಫ್. ಒಂದು ಪೂರ್ತಿ ಅಂಗಿ, ಹೊಲಿಗೆ ಒಂದು ಬಿಟ್ಟು.

"ಇದನ್ನ ಯಾವಾಗ ಕತ್ತರಿಸಿದ್ರು?" ಎಂದು ಅಮ್ಮಿಯನ್ನು ಕೇಳಿದೆ.

"ನೀ ಕಾಲೇಜ ಬಿಟ್ಟ ಎಂಟ ದಿನಕ್ಕ. ನೀ ಪ್ಯಾಟಿಗೆ ದಾರ ತರಾಕ ಹೋಗಿದ್ದಿ."

"ಬಿಟ್ಟ ಮ್ಯಾಲ?"

"ಹೂಂ, ಬಿಟ್ಟ ಮ್ಯಾಲ. ಹುಡುಗ ಓದ ಬಿಟ್ಟಾನ, ಈಗ್ಯಾಕ ಕತ್ತರಸ್ತೀರಿ ಅಂದೆ. ಕತ್ತರ್ಸೂದ ನನ್ನ ಕೆಲಸ, ನಾ ಇದ್ದಾಗ ಮಾಡಿ ಇಡ್ತೇನಿ, ಪಾಸಾದ ದಿನ ಅಂವ ಹೊಲೀಲಿ ಅಂದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

ಅಮ್ಮಿ ಮೊರದಲ್ಲಿ ಕಲ್ಲು ಹುಡುಕುತ್ತಲೇ ಹೇಳಿದಳು, "ಈಗ ಹೇಳಿದ್ರ ಪೆಡಲ್ ಮ್ಯಾಲ ಅವನ ಕಾಲ ನಿಂದ್ರೂದಿಲ್ಲ, ಮನಿ ನಡಿಯೂದಿಲ್ಲ ಅಂದ್ರು. ನೀನೂ ಅವಂಗ ಹೇಳಬ್ಯಾಡ ಅಂದ್ರು. ಆಮ್ಯಾಲ ನೀನೂ ಎಂದೂ ಕೇಳಲಿಲ್ಲಲ್ಲೋ."

ನಾನು ಬಟ್ಟೆಯ ತುಂಡುಗಳನ್ನು ನೆಲದ ಮೇಲೆ ಹರಡಿದೆ. ಕಣ್ಣಳತೆಯಲ್ಲೇ ಏನೋ ತಪ್ಪಿದೆ ಎನಿಸಿತು. ಬೆನ್ನಿನ ಎರಡೂ ಬದಿಗೆ ಸುಣ್ಣದ ಗೆರೆ ಮಸುಕಾಗಿ ಇನ್ನೂ ಇತ್ತು. ಅದು ನನ್ನ ಇಪ್ಪತ್ತರ ಅಳತೆ, ಕಡ್ಡಿಯಂತಿದ್ದಾಗಿನ ಅಳತೆ. ಆದರೆ ಕತ್ತರಿ ಆ ಗೆರೆಯ ಮೇಲೆ ಹೋಗಿರಲಿಲ್ಲ. ಬಹಳ ಹೊರಗಿನಿಂದ ಹೋಗಿತ್ತು. ಬೆರಳಿಟ್ಟು ನೋಡಿದೆ. ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು. ಮುಂಭಾಗಕ್ಕೂ ಅಷ್ಟೇ, ತೋಳಿಗೂ ಅಷ್ಟೇ. ಕೆಳಗೆ ಮೂರು ಬೆರಳು.

ಜೀವಮಾನವಿಡೀ ಬಟ್ಟೆ ಕತ್ತರಿಸಿದವರು, ಬೆಳೆದು ನಿಂತ ಮಗನ ಅಂಗಿಗೆ ಚಿಕ್ಕ ಮಕ್ಕಳ ಅಂಗಿಗೆ ಬಿಟ್ಟಂತೆ ಒಳಗೆ ಬಟ್ಟೆ ಬಿಟ್ಟಿದ್ದರು. ತಪ್ಪಿ ಬಿಟ್ಟದ್ದಲ್ಲ, ಅಬ್ಬಾನ ಕತ್ತರಿ ತಪ್ಪುತ್ತಿರಲಿಲ್ಲ. ನಾನು ಈ ವರ್ಷ ಹೋಗುವುದಿಲ್ಲ, ಮುಂದಿನ ವರ್ಷವೂ ಹೋಗಲಾರೆ ಎಂದು ಅವರಿಗೆ ಗೊತ್ತಿತ್ತು. ಹೋಗುವ ಹೊತ್ತಿಗೆ ನನಗೆ ಮೈ ಬಂದಿರುತ್ತದೆ, ಹೊಟ್ಟೆ ಬಂದಿರುತ್ತದೆ. ಆದರೆ ಹೋಗುತ್ತೇನೆ. ಆ 'ಹೂಂ' ಎಂದ ಮನುಷ್ಯ ಎಂಟೇ ದಿನಕ್ಕೆ ಅಷ್ಟನ್ನೂ ಲೆಕ್ಕ ಹಾಕಿ, ತನ್ನ ಪಾಲಿನ ಕೆಲಸ ಮುಗಿಸಿ, ಗಂಟು ಕಟ್ಟಿ ಇಟ್ಟಿದ್ದರು. ನಾನು ಮಾತ್ರ ಏಳು ವರ್ಷ ಅವರ ಪಕ್ಕದಲ್ಲೇ ಮುಖ ಗಂಟು ಹಾಕಿಕೊಂಡು ಕೂತಿದ್ದೆ.

ಅಲ್ಲಿಯೇ ನೆಲದ ಮೇಲೆ ಕೂತು ಅತ್ತೆ. ಅಮ್ಮಿ ಎದ್ದು ಹೋಗಿ ಚಹಾ ಇಟ್ಟಳು.

ವಾಪಸು ಬರುವಾಗ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕಾಯಬೇಕಾಯಿತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಸಂಜೆಯ ಬಿಸಿಲು ಪ್ಲಾಟ್‌ಫಾರಮ್ಮಿನ ಮೇಲೆ ಉದ್ದಕ್ಕೆ ಮಲಗಿತ್ತು. ಕಾಲೇಜು ಬಿಟ್ಟ ಮಕ್ಕಳು ಮೂಡಲಗಿ ಬಸ್ಸಿಗೆ ಓಡುತ್ತಿದ್ದರು. ಆ ಗುಂಪಿನಲ್ಲಿ ಇಪ್ಪತ್ತರ ನಾನೂ ಓಡುತ್ತಿರುವುದು ಕಾಣಿಸಿತು. ಮೂವತ್ನಾಲ್ಕು ಎದೆ, ಹದಿನಾಲ್ಕು ಕಾಲರ್, ಕಂಕುಳಲ್ಲಿ ಎರಡು ನೋಟ್‌ಬುಕ್ಕು. ಕಿಟಕಿಯ ಸೀಟಿಗಾಗಿ ಆತುರ. ನಾನು ಅವನನ್ನು ಕರೆಯಲಿಲ್ಲ. ಮನೆಗೆ ಹೋಗು, ಅಬ್ಬಾನ ಹತ್ತಿರ ಕೂತು ಒಂದೆರಡು ಮಾತಾಡು ಎಂದು ಮನಸ್ಸಿನಲ್ಲೇ ಹೇಳಿದೆ. ಬಸ್ಸು ಹೋಯಿತು. ನನ್ನ ಬಸ್ಸು ಬರುವ ಮುನ್ನ ಒಂದು ಪೊಟ್ಟಣ ಕರದಂಟು ಕೊಂಡುಕೊಂಡೆ.

ಹುಕ್ಕೇರಿಯಲ್ಲಿ ಹೆಂಡತಿ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅವಳೂ ಟೇಲರ್, ಬಿಡಿಸಿ ಹೇಳಬೇಕಾಗಲಿಲ್ಲ. "ಹೊಲಿದ ಹಾಕ್ಕೊಂಡ ಪರೀಕ್ಷಾಕ್ಕ ಹೋಗ್ರಿ" ಎಂದಳು.

"ಪಾಸಾದ ದಿನ ಅಂದಾರ" ಎಂದೆ.

ಮರುದಿನ ಅಂಕಪಟ್ಟಿ ತೋರಿಸಿ ಅರ್ಜಿ ಕೊಟ್ಟೆ. ಶಾಲೆಯ ಅರ್ಧ ಬಟ್ಟೆಯನ್ನು ಸಂಕೇಶ್ವರದ ಗೆಳೆಯನಿಗೆ ಒಯ್ದುಕೊಟ್ಟೆ. "ಇಷ್ಟ ದಿನ ಏನ್ ಮಾಡಾಕತ್ತಿದ್ದಿ, ಮೊದಲ ತರಬಾರದೇನು?" ಎಂದು ಬೈದ. ಉಳಿದದ್ದನ್ನು ಹೆಂಡತಿ ಹೊಲಿದಳು. ಪರೀಕ್ಷೆಯ ದಿನ ಉತ್ತರ ಪತ್ರಿಕೆ ಕೈಗೆ ಬಂದಾಗ ಬೆರಳುಗಳು ತಾವಾಗಿ ಬಲಬದಿಗೆ ಜಾಗ ಅಳೆಯಲು ಹೋದವು. ತಡೆದೆ. ಗೊತ್ತಿದ್ದದ್ದನ್ನೆಲ್ಲ ಕಾಗದದ ಬಲತುದಿಯವರೆಗೂ, ಕೆಳಗಿನ ಕೊನೆಯ ಸಾಲಿನವರೆಗೂ ಬರೆದೆ. ಮೇಡಂ ಕೊಠಡಿಯಲ್ಲಿ ಸುತ್ತು ಹಾಕುತ್ತ ಬಂದವರು ನನ್ನ ಹಾಳೆ ನೋಡಿ ಮುಂದೆ ಹೋದರು.

ಫಲಿತಾಂಶವನ್ನು ಮೂರನೆಯ ಬೆಂಚಿನ ಹುಡುಗ ತನ್ನ ಮೊಬೈಲಿನಲ್ಲಿ ನೋಡಿ ಹೇಳಿದ. "ಕಾಕಾ, ಪಾಸ್ರಿ!" ಎಂದು ಅಂಗಡಿಯ ಬಾಗಿಲಲ್ಲೇ ಕೂಗಿದ. ಅವನ ಎಡ ತೋಳು ಇನ್ನೂ ಕಾಲು ಇಂಚು ಇಳಿದೇ ಇತ್ತು. ನಾಳೆ ಬಾ, ಸರಿ ಮಾಡಿಕೊಡುತ್ತೇನೆ ಎಂದೆ.

ಅಂದು ಮಧ್ಯಾಹ್ನ ಗಂಟು ಬಿಚ್ಚಿದೆ. ಮಷಿನ್ನಿನ ಮೋಟಾರಿನ ಬೆಲ್ಟು ತೆಗೆದು ಪೆಡಲಿನ ಬೆಲ್ಟು ಹಾಕಿದೆ. ಎಷ್ಟೋ ವರ್ಷಗಳ ಮೇಲೆ ಎರಡೂ ಕಾಲಿಟ್ಟು ತುಳಿದೆ. ಹೆಂಡತಿ ನನ್ನ ಎದೆಗೆ, ಹೊಟ್ಟೆಗೆ ಟೇಪು ಹಿಡಿದು ಅಳತೆ ಹೇಳಿದಳು. ಅಬ್ಬಾ ಎಳೆದ ಸುಣ್ಣದ ಗೆರೆಯನ್ನು ಬಿಟ್ಟು, ಹೊರಗೆ, ಇನ್ನೂ ಹೊರಗೆ ಸರಿದು ಹೊಲಿಯುತ್ತ ಹೋದೆ. ಕಾಜಾ, ಬಟನ್ ಅವಳು ಹಾಕಿದಳು. ತೊಟ್ಟುಕೊಂಡು ನೋಡಿದರೆ ಅಂಗಿ ಎಲ್ಲೂ ಬಿಗಿಯಾಗಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಒಳಗೆ ಬಿಟ್ಟ ಬಟ್ಟೆ ಎಷ್ಟು ಉಳಿಯಿತೆಂದು ಹೆಂಡತಿ ಅಂಗಿಯ ಬದಿಯನ್ನು ತಿರುಗಿಸಿ ನೋಡಿದಳು. ಒಂದು ಬೆರಳಷ್ಟೂ ಉಳಿದಿರಲಿಲ್ಲ. ಅಷ್ಟೂ ಬೇಕಾಗಿತ್ತು.